ಶಾಲೆಯಲ್ಲಿ ಓದಿನ ಖುಷಿ ಮತ್ತು ನಮ್ಮ ಸಂಘದ ಕರ್ತವ್ಯ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾವು ಭಾಷಣ ಮಾಡಿ ಅಭ್ಯಾಸ ಇರುವವರಲ್ಲ. ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ, ಗದ್ದೆ ಕಡೆ ಹೋಗುವ ಜನ. ಓದಿರೋದು ಎಸ್.ಎಸ್.ಎಲ್.ಸಿ. ಸಂಘ ಬೆಳೆದು ಬಂದ ದಾರಿ, ಹಾಲಿನ ಲೆಕ್ಕ, ಕಟ್ಟಡದ ವಿಷಯ ಇವನ್ನೆಲ್ಲ ನಮ್ಮ ಅಧ್ಯಕ್ಷರೂ ಕಾರ್ಯದರ್ಶಿಗಳೂ ಈಗಾಗಲೇ ಸವಿಸ್ತಾರವಾಗಿ ಹೇಳಿದ್ದಾರೆ. ನಮಗೆ ವಹಿಸಿರುವುದು ಶಾಲೆಯ ವಿಷಯ. ಶಾಲೆ ಅಂದ ಕೂಡಲೇ ಕಟ್ಟಡ, ಕಾಂಪೌಂಡು, ಫಲಿತಾಂಶ ಅಂತ ಮಾತಾಡೋದು ವಾಡಿಕೆ. ನಾವು ಇವತ್ತು ಬೇರೆ ಒಂದು ಮಾತು ಆಡಬೇಕು ಅಂತಿದ್ದೀವಿ. ಮಕ್ಕಳು ಪರೀಕ್ಷೆಗಲ್ಲದೆ, ಮೇಷ್ಟ್ರ ಭಯಕ್ಕಲ್ಲದೆ, ಬರೀ ಖುಷಿಗೋಸ್ಕರ ಪುಸ್ತಕ ಓದುವುದು, ಇಡೀ ಶಾಲೆಯೇ ಹಾಗೆ ಓದುವ ಶಾಲೆ ಆಗುವುದು, ಇದೇ ಆ ಮಾತು. ಹಾಲಿನ ಡೈರಿಗೂ ಕತೆ ಪುಸ್ತಕಕ್ಕೂ ಏನು ಸಂಬಂಧ ಅಂತ ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ದಯವಿಟ್ಟು ಸ್ವಲ್ಪ ಹೊತ್ತು ಕೇಳಬೇಕು.

ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಿಬಿಡ್ತೀವಿ. ಊರಿನವರಿಗೆ ಗೊತ್ತಿರುವುದೇ, ಆದರೆ ಪೂರ್ತಿ ಗೊತ್ತಿಲ್ಲ. ಕೆಲವು ವರ್ಷದ ಹಿಂದೆ ನಮ್ಮ ಕೊಟ್ಟಿಗೆಯಲ್ಲಿ ಒಂದು ಒಳ್ಳೆಯ ಎಚ್.ಎಫ್. ಹಸು ಇತ್ತು. ಸಾಲ ಮಾಡಿ ತಂದದ್ದು. ವಿಮೆನೂ ಮಾಡಿಸಿದ್ದೆವು. ಹೊಟ್ಟೆ ಉಬ್ಬರ ಬಂದು ಒಂದೇ ರಾತ್ರಿಗೆ ಸತ್ತುಹೋಯಿತು. ವಿಮೆ ಇದೆಯಲ್ಲ ಅಂತ ಧೈರ್ಯವಾಗಿದ್ದೆವು. ನೋಡಲು ಬಂದವರು ಹಸುವಿನ ಕಿವಿ ಹಿಡಿದು, "ಓಲೆ ಎಲ್ಲಿ?" ಅಂದರು. ಓಲೆ ಇರಲಿಲ್ಲ. ಗೂಟಕ್ಕೆ ಕಿವಿ ಉಜ್ಜಿಕೊಂಡು ಎರಡು ತಿಂಗಳ ಹಿಂದೆಯೇ ಬಿದ್ದುಹೋಗಿತ್ತು. ಬಿದ್ದರೆ ಬೀಳಲಿ ಬಿಡು, ಹಸು ಎಲ್ಲಿ ಹೋಗುತ್ತೆ ಅಂತ ಸುಮ್ಮನಿದ್ದೆವು. ಓಲೆ ಇಲ್ಲ ಅಂದಮೇಲೆ ವಿಮೆ ಹಣವೂ ಇಲ್ಲ ಅಂತ ಆಯಿತು. ನಾವು ಕೂಗಾಡಿದೆವು, ಮೋಸ ಅಂದೆವು. ರಾತ್ರಿ ನಮ್ಮ ಮನೆಯವರು ಟ್ರಂಕಿನಿಂದ ಕಾಗದ ತೆಗೆದು ಓದಿದರು. ಓಲೆ ಬಿದ್ದರೆ ತಕ್ಷಣ ತಿಳಿಸಿ ಹೊಸದು ಹಾಕಿಸಿಕೊಳ್ಳಬೇಕು ಅಂತ ಅದರಲ್ಲೇ ಬರೆದಿತ್ತು. ಇಂಗ್ಲಿಷಿನಲ್ಲಲ್ಲ ಸ್ವಾಮಿ, ಕನ್ನಡದಲ್ಲೇ ಬರೆದಿತ್ತು. ಹಸು ಹೋಯಿತು, ಸಾಲ ಉಳಿಯಿತು. ಅದು ತೀರಲು ಮೂರು ವರ್ಷ ಹಿಡಿಯಿತು.

ಅವತ್ತು ನಮಗೆ ಅರ್ಥವಾಗಿದ್ದು ಏನಪ್ಪಾ ಅಂದ್ರೆ, ನಮಗೆ ಓದಲು ಬರುತ್ತದೆ, ಆದರೆ ನಾವು ಓದುವುದಿಲ್ಲ. ಹತ್ತು ವರ್ಷ ಶಾಲೆಗೆ ಹೋದವರು ಒಂದು ಹಾಳೆ ಕಾಗದ ಓದಲಿಲ್ಲ. ನಾವೊಬ್ಬರೇ ಅಲ್ಲ. ನಮ್ಮ ಜೊತೆ ಎಸ್.ಎಸ್.ಎಲ್.ಸಿ. ಮಾಡಿದ ಎಷ್ಟು ಜನ ಈ ಸಭೆಯಲ್ಲಿ ಕುಳಿತಿದ್ದೀರಿ! ಡೈರಿಯ ನೋಟೀಸ್ ಬೋರ್ಡಿಗೆ ಸುತ್ತೋಲೆ ಅಂಟಿಸಿದರೆ, "ಅದರಲ್ಲೇನಿದೆ ಹೇಳಪ್ಪ" ಅಂತ ಕಾರ್ಯದರ್ಶಿಯನ್ನೇ ಕೇಳ್ತೀವಿ. ಚೀಟಿಯಲ್ಲಿ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಅಂತ ನೋಡದೆ ಜೇಬಿಗೆ ಹಾಕ್ತೀವಿ. ಜಾಮೀನು ಪತ್ರಕ್ಕೆ ಎಲ್ಲಿ ಸಹಿ ಅಂತ ಕೇಳ್ತೀವೇ ಹೊರತು ಏನು ಬರೆದಿದೆ ಅಂತ ಕೇಳಲ್ಲ. ಪರೀಕ್ಷೆ ಮುಗಿದ ದಿನವೇ ನಮ್ಮ ಓದೂ ಮುಗಿಯಿತು. ಯಾಕೆ ಅಂದ್ರೆ ನಮಗೆ ಓದು ಬಂದದ್ದು ಬೆತ್ತದ ಭಯದಿಂದ. ಭಯದಿಂದ ಬಂದದ್ದು ಭಯ ಹೋದ ದಿನ ಹೋಗುತ್ತದೆ. ಖುಷಿಯಿಂದ ಬಂದದ್ದು ಮಾತ್ರ ಉಳಿಯುತ್ತದೆ.

ಖುಷಿಯ ಓದು ನಮಗೂ ಒಂದಷ್ಟು ದಿನ ಇತ್ತು. ಊರಿನ ಕ್ಷೌರದ ಅಂಗಡಿಯಲ್ಲಿ ಹಳೆಯ ಚಂದಮಾಮ ಇಟ್ಟಿರುತ್ತಿದ್ದರು. ಕನ್ನಡ ಚಂದಮಾಮ ಈಗ ನಿಂತುಹೋಗಿದೆ. ನಾವು ಚಿಕ್ಕವರಿದ್ದಾಗ ತಲೆಕೂದಲು ಬೆಳೆಯದಿದ್ದರೂ ಅಂಗಡಿ ಬೆಂಚಿನ ಮೇಲೆ ಕೂತು ಬೇತಾಳನ ಕತೆ ಓದುತ್ತಿದ್ದೆವು. ಮನೆಗೆ ಗೊತ್ತಾಗಿ, "ಪಾಠ ಓದೋದು ಬಿಟ್ಟು ಕತೆ ಓದ್ತಾನೆ" ಅಂತ ಏಟು ಬಿತ್ತು. ಅಲ್ಲಿಗೆ ಅದು ನಿಂತಿತು. ದೊಡ್ಡವರ ತಪ್ಪಲ್ಲ, ಆ ಕಾಲದ ತಿಳಿವಳಿಕೆ ಹಾಗಿತ್ತು. ಆದರೆ ನಾವೂ ತಂದೆಯಾದ ಮೇಲೆ ನಮ್ಮ ಮಗಳಿಗೆ ಅದೇ ಮಾತು ಅಂದೆವಲ್ಲ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆ ಆಗುತ್ತದೆ.

ಈಗ ಶಾಲೆಯ ವಿಷಯಕ್ಕೆ ಬರೋಣ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪುಸ್ತಕ ಇರಲಿಲ್ಲ ಅಂತಲ್ಲ. ಕಬ್ಬಿಣದ ಬೀರು ತುಂಬ ಇದ್ದವು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆಗಳು, ಎಲ್ಲ ವಿಷಯದ ಪುಸ್ತಕಗಳು, ಕತೆ ಪುಸ್ತಕಗಳೂ ಇರಬೇಕು ಅಂತ ಸ್ಪಷ್ಟವಾಗಿ ಹೇಳಿದೆ. ಸರ್ಕಾರದಿಂದ ಗ್ರಂಥಾಲಯ ಅನುದಾನವೂ ಬರುತ್ತದೆ. ಆದರೆ ಬೀರುವಿಗೆ ಬೀಗ, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿ. ಮೇಷ್ಟ್ರುಗಳನ್ನು ದೂರಿ ಫಲವಿಲ್ಲ. ಪುಸ್ತಕ ಕಳೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕಾದವರು ಅವರು. ಮಕ್ಕಳ ಕೈಗೆ ಕೊಡದಿದ್ದರೆ ಕಳೆಯುವ ಭಯವಿಲ್ಲ. ಹಾಗಾಗಿ ಪುಸ್ತಕ ಭದ್ರವಾಗಿತ್ತು, ಗೆದ್ದಲೊಂದೇ ಓದುತ್ತಿತ್ತು.

ಗ್ರಂಥಾಲಯ ಶಾಸ್ತ್ರದ ದೊಡ್ಡ ವಿದ್ವಾಂಸರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮೊದಲನೇ ಸೂತ್ರವೇ ಪುಸ್ತಕ ಇರೋದು ಕಾಪಾಡೋದಕ್ಕಲ್ಲ, ಬಳಸೋದಕ್ಕೆ ಅನ್ನುವ ಅರ್ಥದ್ದು. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಕಬ್ಬಿಣದ ಸರಪಳಿ ಹಾಕಿ ಕಟ್ಟುತ್ತಿದ್ದರಂತೆ. ನಾವು ಸರಪಳಿ ಬದಲು ಬೀಗ ಹಾಕಿದೆವು, ಅಷ್ಟೇ ವ್ಯತ್ಯಾಸ.

ಈ ಬೀಗವನ್ನು ಮೊದಲು ತೆಗೆದವರು ಒಬ್ಬ ಮೇಡಂ. ಹೆಸರು ಹೇಳುವುದು ಬೇಡ, ಅವರಿಗೆ ಇಷ್ಟವಾಗೋದಿಲ್ಲ. ಅವರು ತಮ್ಮ ನಾಲ್ಕನೇ ತರಗತಿಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಪುಸ್ತಕ ನೇತುಹಾಕಿದರು. ಸಂಜೆ ಕೊನೆಯ ಪೀರಿಯಡ್ಡಿನಲ್ಲಿ ಕತೆ ಓದಿ ಹೇಳುತ್ತಿದ್ದರು. ಆ ತರಗತಿಯ ಮಕ್ಕಳು ಮನೆಗೆ ಹೋಗೋದಕ್ಕೇ ಒಪ್ಪುತ್ತಿರಲಿಲ್ಲ. ನಾವೆಲ್ಲ ಮೆಚ್ಚಿದೆವು, ಗಣರಾಜ್ಯೋತ್ಸವದ ದಿನ ಶಾಲು ಹೊದಿಸಿದೆವು. ಎರಡು ವರ್ಷ ನಡೆಯಿತು. ಆಮೇಲೆ ಅವರಿಗೆ ವರ್ಗವಾಯಿತು. ಹಗ್ಗ ಬಿಚ್ಚಿದರು, ಪುಸ್ತಕ ಬೀರುವಿಗೆ ಹೋಯಿತು, ಬೀಗ ಬಿತ್ತು. ಆ ತರಗತಿಯ ಮಕ್ಕಳು ಐದನೇ ತರಗತಿಗೆ ಹೋಗಿ, "ಸಾರ್, ಕತೆ ಪುಸ್ತಕ?" ಅಂತ ಕೇಳಿದಾಗ, "ಮೊದಲು ಲೆಕ್ಕ ಮಾಡು" ಅಂತ ಉತ್ತರ ಬಂತು.

ಸಹಕಾರಿಗಳಾದ ನಾವು ಆವಾಗಲೇ ಇದನ್ನು ತಿಳಿಯಬೇಕಿತ್ತು. ಒಂದೇ ಮನೆಯ ಹಾಲಿನಿಂದ ಡೈರಿ ನಡೆಯುತ್ತದೆಯೇ? ಎಷ್ಟೇ ಒಳ್ಳೆಯ ಹಸು ಇದ್ದರೂ ಅದು ಬತ್ತುವ ಕಾಲ ಬಂದೇ ಬರುತ್ತದೆ. ಎಲ್ಲ ಮನೆಯವರೂ ಒಂದೊಂದು ಲೀಟರ್ ಹಾಕಿದರೆ ಮಾತ್ರ ಕ್ಯಾನು ದಿನವೂ ತುಂಬುತ್ತದೆ. ಓದಿನ ವಿಷಯವೂ ಹಾಗೆಯೇ. ಒಬ್ಬ ಒಳ್ಳೆಯ ಮೇಷ್ಟ್ರ ಮೇಲೆ ನಿಂತ ಓದು ಅವರ ವರ್ಗಾವಣೆ ಆದೇಶ ಬಂದ ದಿನ ಬೀಳುತ್ತದೆ. ಇಡೀ ಶಾಲೆ ಓದಬೇಕು. ಅದಕ್ಕೆ ಹಿಂದೆ ಊರು ನಿಲ್ಲಬೇಕು.

ಆಮೇಲೆ 2020ರಲ್ಲಿ ಕೊರೋನಾ ಬಂತು, ಶಾಲೆ ಮುಚ್ಚಿತು. ತೆರೆದಾಗ ಐದನೇ ತರಗತಿ ಮಕ್ಕಳು ಎರಡನೇ ತರಗತಿ ಪುಸ್ತಕಕ್ಕೆ ತಡವರಿಸುತ್ತಿದ್ದರು. ನಮ್ಮೂರಿನದೇ ಕತೆಯಲ್ಲ ಇದು. ಅಸರ್ ಅನ್ನುವ ಸಮೀಕ್ಷೆಯವರು ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಲಿ ಒಂದು ಹಾಳೆ ಓದಿಸಿ ನೋಡುತ್ತಾರೆ. 2022ರಲ್ಲಿ ಐದನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 42.8, 2024ರಲ್ಲಿ 48.8 ಅಂತ ಅವರ ವರದಿ. ಏರಿದೆ, ಸಂತೋಷ. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಿಂದೆಯೇ ಇದ್ದಾರೆ.

ಆಗ ಬಂದ ಹೊಸ ಮುಖ್ಯೋಪಾಧ್ಯಾಯರು ನಮ್ಮನ್ನೂ, ಎಸ್.ಡಿ.ಎಂ.ಸಿ.ಯವರನ್ನೂ ಕೂರಿಸಿ ಒಂದು ಮಾತು ಹೇಳಿದರು. "ಪುಸ್ತಕ ಕಳೆದರೆ ನನ್ನ ತಲೆ ಮೇಲೆ ಬರುತ್ತೆ ಅನ್ನೋ ಭಯ ತೆಗೆಯಿರಿ, ಬೀಗ ನಾನು ತೆಗೀತೀನಿ" ಅಂದರು. ನಮ್ಮ ಆಡಳಿತ ಮಂಡಳಿಯಲ್ಲಿ ಚರ್ಚೆ ಮಾಡಿ, ಸಂಘದ ಹಣದಿಂದ ಬೇರೆ ಪುಸ್ತಕ ಕೊಂಡು ಶಾಲೆಗೆ ಕೊಡುವುದು, ಅವು ಸರ್ಕಾರದ ಸ್ಟಾಕಿಗೆ ಸೇರದೆ ಊರಿನ ಪುಸ್ತಕವಾಗಿಯೇ ಇರುವುದು, ಕಳೆದರೆ ಹರಿದರೆ ಯಾರನ್ನೂ ಕೇಳುವುದಿಲ್ಲ ಅಂತ ತೀರ್ಮಾನ ಮಾಡಿದೆವು. ಒಬ್ಬ ನಿರ್ದೇಶಕರು, "ಎಲ್ಲಾ ಹರಿದು ಹಾಕ್ತಾರೆ ಕಣ್ರೀ" ಅಂದರು. ನಮ್ಮ ಕಾರ್ಯದರ್ಶಿಗಳು ಒಳ್ಳೆ ಉತ್ತರ ಕೊಟ್ಟರು: "ಡೈರೀಲಿ ಹಾಲು ಅಳೆಯುವಾಗ ದಿನಾ ಒಂದಿಷ್ಟು ಚೆಲ್ಲುತ್ತೆ. ಚೆಲ್ಲುತ್ತೆ ಅಂತ ಅಳೆಯೋದು ಬಿಡ್ತೀವಾ?"

ಪುಸ್ತಕ ಆರಿಸುವುದಕ್ಕೆ ಮೈಸೂರಿಗೆ ಹೋದಾಗ ಮೇಷ್ಟ್ರ ಜೊತೆ ಆರು ಮತ್ತು ಏಳನೇ ತರಗತಿಯ ನಾಲ್ಕು ಮಕ್ಕಳನ್ನೂ ಕರೆದುಕೊಂಡು ಹೋದೆವು. ನಾವು ದೊಡ್ಡವರು ಆರಿಸಿದ್ದು ಮಹಾಪುರುಷರ ಚರಿತ್ರೆ. ಮಕ್ಕಳು ಆರಿಸಿದ್ದು ದೆವ್ವದ ಕತೆ, ನಗೆಹನಿ, ಹಾವಿನ ಪುಸ್ತಕ, ಕ್ರಿಕೆಟ್ಟಿನ ಪುಸ್ತಕ. ಚಿಕ್ಕವರಿಗೆ ಅಂತ ನ್ಯಾಷನಲ್ ಬುಕ್ ಟ್ರಸ್ಟಿನವು, ಪ್ರಥಮ್ ಬುಕ್ಸಿನವು, ದೊಡ್ಡ ಚಿತ್ರ ಸಣ್ಣ ವಾಕ್ಯ ಇರುವ ಪುಸ್ತಕಗಳನ್ನು ತಂದೆವು. ಎರಡು ವರ್ಷದ ಮೇಲೆ ನೋಡಿದರೆ ಮಹಾಪುರುಷರ ಚರಿತ್ರೆ ಹೊಸದಾಗಿಯೇ ಇವೆ, ಹಾವಿನ ಪುಸ್ತಕಕ್ಕೆ ರಟ್ಟೇ ಇಲ್ಲ. ತಮಾಷೆ ಏನೆಂದರೆ, ಹಾವಿನ ಪುಸ್ತಕ ಓದಿದ ಹುಡುಗನೇ ಆಮೇಲೆ ಬಂದು, "ಅಂಬೇಡ್ಕರ್ ಅವರು ಶಾಲೇಲಿ ಹೇಗಿದ್ರು ಅನ್ನೋ ಪುಸ್ತಕ ಇದೆಯಾ?" ಅಂತ ಕೇಳಿದ. ಮೊದಲು ಅವನಿಗೆ ಬೇಕಾದ್ದು ಕೊಟ್ಟೆವು, ಆಮೇಲೆ ನಮಗೆ ಬೇಕಾದ್ದನ್ನು ಅವನೇ ಕೇಳಿದ.

ಈಗ ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ತಂದೆತಾಯಂದಿರಿಗೆ ಗೊತ್ತಾಗಲಿ ಅಂತ ವಿವರವಾಗಿ ಹೇಳುತ್ತೇವೆ. ಬಿಸಿಯೂಟ ಆದಮೇಲೆ ದಿನವೂ ಇಪ್ಪತ್ತು ನಿಮಿಷ ಇಡೀ ಶಾಲೆ ಓದುತ್ತದೆ. ಇಡೀ ಶಾಲೆ ಅಂದ್ರೆ ಮಕ್ಕಳು ಮಾತ್ರ ಅಲ್ಲ. ಮುಖ್ಯೋಪಾಧ್ಯಾಯರು ಓದುತ್ತಾರೆ, ಎಲ್ಲ ಮೇಷ್ಟ್ರುಗಳೂ ಓದುತ್ತಾರೆ. ಆ ಹೊತ್ತಿನಲ್ಲಿ ರಿಜಿಸ್ಟರ್ ಬರೆಯುವಂತಿಲ್ಲ, ಫೋನ್ ಹಿಡಿಯುವಂತಿಲ್ಲ. ನಾವು ಹೋದರೂ ಒಂದು ಪುಸ್ತಕ ಕೈಗೆ ಕೊಟ್ಟು ಕೂರಿಸುತ್ತಾರೆ. ಮಕ್ಕಳು ಹೇಳಿದ್ದನ್ನು ಕಲಿಯುವುದಿಲ್ಲ, ನೋಡಿದ್ದನ್ನು ಕಲಿಯುತ್ತವೆ. ಬೀಡಿ ಸೇದುವ ತಂದೆ ಮಗನಿಗೆ ಬೀಡಿ ಸೇದಬೇಡ ಅಂದರೆ ಕೇಳುತ್ತಾನೆಯೇ? ಹಾಗೆಯೇ ಪುಸ್ತಕ ಮುಟ್ಟದ ಮೇಷ್ಟ್ರು, ಪುಸ್ತಕ ಮುಟ್ಟದ ತಂದೆ "ಓದು ಓದು" ಅಂದರೆ ಮಗು ನಂಬುವುದಿಲ್ಲ.

ನಮ್ಮ ಶಾಲೆಯ ಅಡುಗೆಯವರಲ್ಲಿ ಒಬ್ಬ ತಾಯಿಗೆ ಅಕ್ಷರ ಬರುವುದಿಲ್ಲ. ಎಲ್ಲರೂ ಓದುವಾಗ ಅವರು ಪಾತ್ರೆ ತೊಳೆಯುತ್ತಾ ಇರುತ್ತಿದ್ದರು. ಒಂದು ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು ಅವರ ಪಕ್ಕ ಕೂತು, "ಅಜ್ಜಿ, ನಾನು ಓದ್ತೀನಿ, ನೀನು ಕೇಳು" ಅಂದಳಂತೆ. ಈಗ ಆ ಅಜ್ಜಿಗೆ ಓದಿ ಹೇಳುವುದಕ್ಕೆ ಮಕ್ಕಳಲ್ಲಿ ಪಾಳಿ ಇದೆ. ಅವರು ಮಧ್ಯೆ ಮಧ್ಯೆ, "ಆಮೇಲೇನಾಯ್ತು? ಆ ನರಿ ಸುಮ್ನೆ ಬಿಟ್ಟಿತಾ?" ಅಂತ ಕೇಳುತ್ತಾರೆ. ತಡವರಿಸುವ ಮಗುವಿಗೂ ಅವರ ಮುಂದೆ ಓದಲು ನಾಚಿಕೆಯಿಲ್ಲ. ಯಾಕಂದ್ರೆ ಅವರು ತಪ್ಪು ಹಿಡಿಯುವುದಿಲ್ಲ, ಕತೆ ಕೇಳುತ್ತಾರೆ. ಹಿಂದುಳಿದಿದ್ದ ಇಬ್ಬರು ಮಕ್ಕಳು ಓದು ಕಲಿತದ್ದು ಆ ಅಜ್ಜಿಯಿಂದ ಅಂತ ಮೇಷ್ಟ್ರೇ ಹೇಳುತ್ತಾರೆ.

ಎರಡನೆಯದಾಗಿ, ಯಾವ ಪುಸ್ತಕ ಅಂತ ಮಗುವೇ ಆರಿಸುತ್ತದೆ. ಬೇಸರವಾದರೆ ಅರ್ಧಕ್ಕೆ ಬಿಡಬಹುದು. ಇಷ್ಟವಾದರೆ ಒಂದನ್ನೇ ಹತ್ತು ಸಲ ಓದಬಹುದು. ಏಳನೇ ತರಗತಿಯವನು ಒಂದನೇ ತರಗತಿಯ ಚಿತ್ರದ ಪುಸ್ತಕ ಹಿಡಿದರೂ ಯಾರೂ ನಗುವಂತಿಲ್ಲ. ಮೂರನೆಯದಾಗಿ, ಓದಿದ ಮೇಲೆ ಪ್ರಶ್ನೆ ಇಲ್ಲ, ಅಂಕ ಇಲ್ಲ, "ಈ ಕತೆಯ ನೀತಿ ಏನು?" ಅಂತ ಕೇಳುವುದಿಲ್ಲ. ಊಟ ಮಾಡಿ ಎದ್ದವರನ್ನು ಹಿಡಿದು ಪಲ್ಯಕ್ಕೆ ಏನೇನು ಹಾಕಿತ್ತು ಹೇಳು ಅಂತ ಪರೀಕ್ಷೆ ಮಾಡಿದರೆ ಮಾರನೇ ದಿನ ಊಟಕ್ಕೆ ಬರುತ್ತಾರೆಯೇ? ಹೇಳಬೇಕು ಅನ್ನಿಸಿದ ಮಗು ಶನಿವಾರ ಬೆಳಗ್ಗೆ ಪ್ರಾರ್ಥನೆ ಆದಮೇಲೆ ತಾನೇ ಎದ್ದು ತಾನು ಓದಿದ್ದನ್ನು ಹೇಳುತ್ತದೆ. ನಾಲ್ಕನೆಯದಾಗಿ, ದಿನಕ್ಕೊಂದು ಕತೆಯನ್ನು ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳುತ್ತಾರೆ, ದೊಡ್ಡ ತರಗತಿಗೂ ಹೇಳುತ್ತಾರೆ. ಐದನೆಯದಾಗಿ, ಪುಸ್ತಕ ಮನೆಗೆ ಹೋಗುತ್ತದೆ. ಲೆಕ್ಕ ಇಡುವವರು ಮಕ್ಕಳೇ.

ಇದರಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಮೊದಲ ವರ್ಷ ಉತ್ಸಾಹದಲ್ಲಿ, ಅತಿ ಹೆಚ್ಚು ಪುಸ್ತಕ ಓದಿದ ಮಗುವಿಗೆ ಸಂಘದಿಂದ ಸ್ಟೀಲ್ ಲೋಟ ಬಹುಮಾನ ಅಂತ ಘೋಷಿಸಿದೆವು. ಏನಾಯಿತು? ಮಕ್ಕಳು ಬೆಳಗ್ಗೆ ಪುಸ್ತಕ ತಗೊಂಡು ಸಂಜೆ ವಾಪಸ್ ಕೊಟ್ಟು, "ಓದಿದೆ, ಬರ್ಕೊಳ್ಳಿ" ಅನ್ನತೊಡಗಿದರು. ಅತಿ ತೆಳು ಪುಸ್ತಕಕ್ಕೆ ಜಗಳ. ನಿಧಾನವಾಗಿ ಓದುವ ಮಕ್ಕಳು, ನಮ್ಮ ಕೈಲಾಗದು ಅಂತ ಪುಸ್ತಕ ಮುಟ್ಟುವುದನ್ನೇ ಬಿಟ್ಟರು. ನೀರು ಬೆರೆಸಿ ಲೀಟರ್ ಹೆಚ್ಚಿಸಿದ ಹಾಗಾಯಿತು, ಫ್ಯಾಟ್ ಬರಲಿಲ್ಲ. ಮುಂದಿನ ವರ್ಷ ಬಹುಮಾನ ನಿಲ್ಲಿಸಿದೆವು. ಆ ಲೋಟದ ದುಡ್ಡಿಗೆ ಚಾಪೆ ತಂದೆವು.

ಊರಿನಿಂದ ವಿರೋಧವೂ ಬಂತು. ಒಬ್ಬ ತಂದೆ ಡೈರಿಗೇ ಬಂದು, "ಕತೆ ಓದಿದ್ರೆ ಮಾರ್ಕ್ಸ್ ಬರುತ್ತೇನ್ರೀ? ನಮ್ಮ ಮಕ್ಕಳ ಭವಿಷ್ಯ ಹಾಳು ಮಾಡ್ತಿದ್ದೀರಿ" ಅಂದರು. ಅವರ ಮಾತಿನಲ್ಲಿ ಕೋಪ ಇದ್ದರೂ ಕಾಳಜಿ ಇತ್ತು. ಅವರಿಗೆ ಮುಖ್ಯೋಪಾಧ್ಯಾಯರು ಒಂದು ಅಧ್ಯಯನದ ವಿಷಯ ತಿಳಿಸಿದರು. 2000ನೇ ಇಸವಿಯಲ್ಲಿ 32 ದೇಶಗಳಲ್ಲಿ 15 ವರ್ಷದ ಮಕ್ಕಳಿಗೆ ಪೀಸಾ ಅನ್ನುವ ಪರೀಕ್ಷೆ ನಡೆಸಿದರು. ನಮ್ಮ ದೇಶ ಅದರಲ್ಲಿ ಇರಲಿಲ್ಲ. 2002ರಲ್ಲಿ ಬಂದ ವರದಿಯಲ್ಲಿ ಕಂಡದ್ದು ಏನೆಂದರೆ, ತಂದೆತಾಯಿಯದು ಅತಿ ಸಣ್ಣ ಉದ್ಯೋಗ, ಆದರೆ ಮಗುವಿಗೆ ಓದಿನಲ್ಲಿ ಬಹಳ ಆಸಕ್ತಿ, ಅಂಥ ಮಕ್ಕಳ ಸರಾಸರಿ ಅಂಕ 540. ತಂದೆತಾಯಿಯದು ದೊಡ್ಡ ಉದ್ಯೋಗ, ಮಗುವಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಅಂಥವರದು 491. ಅಂದರೆ ಓದನ್ನು ಪ್ರೀತಿಸುವ ಬಡವರ ಮಗು, ಓದನ್ನು ಪ್ರೀತಿಸದ ಸಾಹುಕಾರರ ಮಗುವಿಗಿಂತ ಮುಂದಿತ್ತು. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ? ಜಮೀನು ಕೊಡಲಾರೆವು, ಪೇಟೆಯಲ್ಲಿ ಸೈಟು ಕೊಡಲಾರೆವು, ಇದನ್ನು ಕೊಡಬಹುದು.

ಕೋಶ ಓದು, ದೇಶ ನೋಡು ಅಂತ ಗಾದೆ. ದೂರ ಹೋಗುವುದು ಬೇಡ, ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಅಂಕೇಗೌಡರ ಪುಸ್ತಕದ ಮನೆ ಇದೆ. ಬಸ್ ಕಂಡಕ್ಟರಾಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ದುಡಿದ ದುಡ್ಡನ್ನೆಲ್ಲ ಪುಸ್ತಕಕ್ಕೆ ಹಾಕಿ ಲಕ್ಷಾಂತರ ಪುಸ್ತಕ ಕೂಡಿಸಿ ಜನಕ್ಕೆ ತೆರೆದಿಟ್ಟಿದ್ದಾರೆ. ಒಬ್ಬರೇ ಅಷ್ಟು ಮಾಡಿದ್ದಾರೆ ಅಂದಮೇಲೆ, ಒಂದು ಸಂಘ ಸೇರಿ ಒಂದು ಶಾಲೆಗೆ ಮಾಡುವುದು ದೊಡ್ಡದಲ್ಲ.

ಸರ್ಕಾರವೂ 2020ರ ನವೆಂಬರಿನಲ್ಲಿ "ಓದುವ ಬೆಳಕು" ಅಂತ ಶುರು ಮಾಡಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಆ ಗ್ರಂಥಾಲಯಗಳನ್ನೇ ಈಗ ಅರಿವು ಕೇಂದ್ರ ಅನ್ನುತ್ತಾರೆ. ನಮ್ಮ ಪಂಚಾಯಿತಿಯದು ಮೂರು ಕಿಲೋಮೀಟರ್ ದೂರದ ಊರಿನಲ್ಲಿದೆ. ಸೈಕಲ್ ಇರುವ ದೊಡ್ಡ ಮಕ್ಕಳು ಹೋಗುತ್ತಾರೆ, ಚಿಕ್ಕವರು ಹೋಗಲಾರರು. ಅದಕ್ಕೇ ನಮ್ಮ ಡೈರಿಯ ಜಗಲಿಯ ಮೇಲೆ ಒಂದು ಮರದ ಪೆಟ್ಟಿಗೆ ಇಟ್ಟಿದ್ದೇವೆ. ಬೀಗ ಇಲ್ಲ. ಸಂಜೆ ಹಾಲು ತರುವ ಮಕ್ಕಳು ಸರತಿಯಲ್ಲಿ ನಿಲ್ಲುವ ಬದಲು ಕ್ಯಾನು ಸಾಲಿನಲ್ಲಿಟ್ಟು ಪುಸ್ತಕ ಹಿಡಿದು ಕೂರುತ್ತಾರೆ. ದೊಡ್ಡವರೂ ಒಬ್ಬೊಬ್ಬರು ಪೆಟ್ಟಿಗೆ ಕೆದಕುತ್ತಿದ್ದಾರೆ. ನಾವೂ ತೇಜಸ್ವಿಯವರ ಪುಸ್ತಕವೊಂದನ್ನು ತೆಗೆದುಕೊಂಡೆವು. ಕೊಟ್ಟಿಗೆ, ಕಾಡು, ನಾಯಿ, ಹಕ್ಕಿ, ಎಲ್ಲ ನಮ್ಮದೇ ಸುತ್ತಮುತ್ತಲಿನದು. ಇಷ್ಟು ವರ್ಷ ಇದನ್ನು ಯಾಕೆ ಓದಲಿಲ್ಲ ಅನ್ನಿಸಿತು. ಎಸ್.ಎಸ್.ಎಲ್.ಸಿ. ಆದಮೇಲೆ ನಾವು ಪೂರ್ತಿ ಓದಿದ ಮೊದಲ ಪುಸ್ತಕ ಅದು.

ಎಲ್ಲವೂ ಸರಿಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಏಳನೇ ತರಗತಿ ಹುಡುಗರಲ್ಲಿ ಕೆಲವರಿಗೆ ಇಪ್ಪತ್ತು ನಿಮಿಷ ಅಂದರೆ ಇನ್ನೂ ಶಿಕ್ಷೆಯೇ. ಮನೆಗೆ ಹೋದಮೇಲೆ ಮೊಬೈಲೇ. ಪುಸ್ತಕ ಕಳೆದಿವೆ, ಹರಿದಿವೆ, ಒಂದು ಪುಸ್ತಕವನ್ನು ಮೇಕೆ ತಿಂದಿದೆ. ಪೇಟೆಯ ಶಾಲೆಯ ವ್ಯಾನು ದಿನವೂ ನಮ್ಮೂರಿಗೆ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತಲೇ ಇದೆ. ಆದರೆ ಆ ವ್ಯಾನಿನಲ್ಲಿ ಹೋಗುವ ಮಕ್ಕಳೂ ಸಂಜೆ ಡೈರಿ ಪೆಟ್ಟಿಗೆಗೆ ಬರುತ್ತಾರೆ, ಅಷ್ಟು ಹೇಳಬಲ್ಲೆವು.

ಈಗ ಮುಖ್ಯವಾದ ಮಾತು. ನಮ್ಮ ಈಗಿನ ಮುಖ್ಯೋಪಾಧ್ಯಾಯರಿಗೂ ಇವತ್ತೋ ನಾಳೆಯೋ ವರ್ಗವಾಗುತ್ತದೆ. ಅದು ನೌಕರಿಯ ನಿಯಮ. ಅವರು ಹೋದ ಮಾರನೇ ದಿನ ಮತ್ತೆ ಬೀಗ ಬೀಳುತ್ತದೆಯೇ ಇಲ್ಲವೇ ಅನ್ನುವುದು ಅವರ ಕೈಲಿಲ್ಲ, ನಮ್ಮ ಕೈಲಿದೆ. ಬರುವ ವಾರ್ಷಿಕ ಮಹಾಸಭೆಗೆ ಎರಡು ವಿಷಯ ಬರಲಿವೆ. ಒಂದು, ಬೆಳ್ಳಿಹಬ್ಬದ ನೆನಪಿಗೆ ಊರ ಬಾಗಿಲಲ್ಲಿ ಕಮಾನು ಕಟ್ಟಿ ಸಂಸ್ಥಾಪಕರ ಹೆಸರು ಕೆತ್ತಿಸುವುದು. ಇನ್ನೊಂದು, ಪ್ರತಿ ವರ್ಷ ಲಾಭದಲ್ಲಿ ಒಂದು ಭಾಗವನ್ನು ಶಾಲೆಯ ಓದಿಗಾಗಿ ಕಾಯಂ ಆಗಿ ತೆಗೆದಿಟ್ಟು, ಮೇಷ್ಟ್ರು, ತಂದೆತಾಯಿ, ಮಕ್ಕಳು, ಸಂಘ ನಾಲ್ಕೂ ಕಡೆಯವರು ಸೇರಿದ ಸಮಿತಿಗೆ ವಹಿಸುವುದು. ಎರಡಕ್ಕೂ ಆಗುವಷ್ಟು ಹಣ ನಮ್ಮಲ್ಲಿಲ್ಲ.

ಕಮಾನು ಬೇಡ ಅಂತ ನಾವು ಹೇಳುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಲಾಟೀನು ಹಿಡಿದು ಮನೆಮನೆಗೆ ಹೋಗಿ ಷೇರು ಕೂಡಿಸಿದ ಹಿರಿಯರು ಇಲ್ಲೇ ಕೂತಿದ್ದಾರೆ. ಅವರ ಹೆಸರು ಉಳಿಯಬೇಕು. ಆದರೆ ಸಹಕಾರದ ಹಿರಿಯರು ಏನು ಮಾಡಿದರು ಅಂತ ಸ್ವಲ್ಪ ನೋಡೋಣ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ಧನಗೌಡರ ಹೆಸರು ನಮಗೆಲ್ಲ ಗೊತ್ತು. ಅದಕ್ಕೂ ಮುಂಚೆ 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಅನ್ನುವ ಊರಿನಲ್ಲಿ ನೇಕಾರರೂ ಬೇರೆ ಕಸುಬಿನವರೂ ಸೇರಿ 28 ಜನ ಬಡವರು ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಮಾರಿದರು. ನಾಲ್ಕು ಕಾಸು ಕೂಡಿದ ಮೇಲೆ ಅವರು ಮಾಡಿದ ಕೆಲಸಗಳಲ್ಲಿ ಒಂದು, ಅಂಗಡಿಯ ಮೇಲಿನ ಕೋಣೆಯಲ್ಲಿ ವಾಚನಾಲಯ ಮತ್ತು ಗ್ರಂಥಾಲಯ ತೆರೆದದ್ದು. 1853ರಿಂದ ಮಿಗುತಾಯದಲ್ಲಿ ನೂರಕ್ಕೆ ಎರಡೂವರೆಯನ್ನು ವಿದ್ಯೆಗೆ ಅಂತಲೇ ತೆಗೆದಿಟ್ಟರು. ಹೊಟ್ಟೆಗೆ ಹಿಟ್ಟಿಲ್ಲದ ಜನ ಹಿಟ್ಟಿನ ಜೊತೆಗೇ ಪುಸ್ತಕವನ್ನೂ ಇಟ್ಟರು. ಇವತ್ತು ಲೋಕದ ಸಹಕಾರಿಗಳೆಲ್ಲ ಒಪ್ಪಿರುವ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ಏಳನೆಯದು ಸಮುದಾಯದ ಕಾಳಜಿ. ಹಾಲಿನ ಡೈರಿಗೂ ಕತೆ ಪುಸ್ತಕಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ನಮ್ಮ ಉತ್ತರ ಇದೇ.

2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ನಮ್ಮಂಥ ರೈತರು ಹಾಕಿದ ಹಾಲೇ ಪುಡಿಯಾಗಿ ಶಾಲೆಯ ಮಕ್ಕಳ ಲೋಟಕ್ಕೆ ಹೋಗುತ್ತಿದೆ. ಹೊಟ್ಟೆಗೆ ಹಾಲು ಕೊಟ್ಟಿದ್ದೇವೆ. ಮನಸ್ಸಿಗೂ ಅಷ್ಟು ಕೊಡೋಣ.

ಮಹಾಸಭೆಯಲ್ಲಿ ತಾವು ಯಾವುದಕ್ಕೆ ಕೈ ಎತ್ತಿದರೂ ಸಭೆಯ ತೀರ್ಮಾನಕ್ಕೆ ನಾವು ಬದ್ಧ. ಆದರೆ ದುಡ್ಡಿಲ್ಲದೆ ಆಗುವ ಒಂದು ಕೆಲಸ ಇವತ್ತಿನಿಂದಲೇ ಆಗಲಿ. ಮಗು ಪುಸ್ತಕ ಹಿಡಿದು ಕೂತಾಗ, "ಪಾಠ ಓದು" ಅಂತ ಗದರಿಸಬೇಡಿ. ರಾತ್ರಿ ಊಟ ಆದಮೇಲೆ ಕಾಲು ಗಂಟೆ ಟಿ.ವಿ., ಮೊಬೈಲು ಆರಿಸಿ, "ಅದೇನಿದೆ ಓದು, ಕೇಳೋಣ" ಅನ್ನಿ. ಅಕ್ಷರ ಬಾರದವರು ನಮ್ಮ ಅಡುಗೆ ಅಜ್ಜಿಯ ಹಾಗೆ ಕೇಳಿ. ಅಕ್ಷರ ಬಂದವರು ಅವರ ಜೊತೆ ಓದಿ. ಈ ಮಕ್ಕಳು ನಾಳೆ ಇದೇ ಸಂಘದ ಸದಸ್ಯರಾಗುತ್ತಾರೆ, ಕಾರ್ಯದರ್ಶಿಗಳಾಗುತ್ತಾರೆ. ಅವರು ಕಾಗದ ಓದಿ ಸಹಿ ಹಾಕಲಿ. ನಮ್ಮ ಹಾಗೆ ಹಸು ಸತ್ತ ಮೇಲೆ ಓದುವುದು ಬೇಡ.



ಜೈ ಸಹಕಾರ, ಜೈ ಕರ್ನಾಟಕ.